ಸೆರೆಮನೆಯ ಒಲೆ, ಶರಣರ ಪಂಕ್ತಿ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬಸ್ಸಾರನ್ನು ಅರಿಯದ ಮನೆಯಿಲ್ಲ. ಹಿಡಿ ಕಾಳು, ಒಂದು ಕಟ್ಟು ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬಸಿದ ಕಟ್ಟು ಖಾರ ಹುಳಿ ಸೇರಿ ಸಾರಾಗುತ್ತದೆ. ಉಳಿದ ಕಾಳುಸೊಪ್ಪು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ರಾತ್ರಿ ಉಳಿದ ಮುದ್ದೆಯೂ ವ್ಯರ್ಥವಲ್ಲ. ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿದರೆ ಅದೇ ಊಟ. ಇರುವುದರಲ್ಲಿಯೇ ಎರಡು ಬಗೆಯ ರುಚಿ ಕಾಣುವ ಈ ಜಾಣ್ಮೆ ಬಡತನವು ಕಲಿಸಿದ ವಿದ್ಯೆ.

ಇದೇ ವಿದ್ಯೆ ಸೆರೆಮನೆಯ ಗೋಡೆಯೊಳಗೂ ಬೇಕಾಗುತ್ತದೆ. ನಮ್ಮ ದೇಶದ ಕಾರಾಗೃಹಗಳಲ್ಲಿ ಅಡುಗೆಯನ್ನು ಬಹುಮಟ್ಟಿಗೆ ಬಂದಿಗಳೇ ಮಾಡುತ್ತಾರೆ. ದಿನಸಿ ಅಳತೆಯದು, ಬೇಕಾದುದನ್ನು ಆರಿಸಿ ತರುವ ಸ್ವಾತಂತ್ರ್ಯವಿಲ್ಲ. ಬಂದುದರಲ್ಲಿಯೇ ಎಲ್ಲರ ಹೊಟ್ಟೆ ತುಂಬಬೇಕು, ನಾಲಗೆಗೂ ಒಂದಿಷ್ಟು ಸಮಾಧಾನವಾಗಬೇಕು.

"ತಪ್ಪು ಮಾಡಿದವನಿಗೆ ರುಚಿಯೇಕೆ?" ಎಂಬ ಮಾತು ಭಕ್ತರಲ್ಲಿಯೂ ಕೇಳಿಬರುವುದುಂಟು. ಮೊದಲನೆಯದಾಗಿ, ಸೆರೆಯಲ್ಲಿರುವವರೆಲ್ಲರೂ ಅಪರಾಧಿಗಳಲ್ಲ. 2022ರ ಅಂಕಿಅಂಶಗಳಂತೆ ದೇಶದ ಬಂದಿಗಳಲ್ಲಿ ನಾಲ್ವರಿಗೆ ಮೂವರು ಇನ್ನೂ ವಿಚಾರಣೆ ಮುಗಿಯದವರು. ಕನಕಪುರ ಸೀಮೆಯ ಹಾರೋಹಳ್ಳಿಯಲ್ಲಿ ಜನಿಸಿದ ಎಚ್.ಎಸ್. ದೊರೆಸ್ವಾಮಿಯವರು 1942ರ ಚಳವಳಿಯಲ್ಲಿ 14 ತಿಂಗಳು ಸೆರೆವಾಸ ಕಂಡರು. ಅವರನ್ನು ಅಪರಾಧಿಯೆಂದು ಯಾರೂ ಎಣಿಸಲಾರರು. ಎರಡನೆಯದಾಗಿ, ಸ್ವಾತಂತ್ರ್ಯದ ಹರಣವೇ ಸೆರೆವಾಸದ ಶಿಕ್ಷೆ. ಅನ್ನವನ್ನು ಕೆಡಿಸುವುದು ಅದರ ಭಾಗವಲ್ಲ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳು ಪುಷ್ಟಿಕರವಾದ, ಚೆನ್ನಾಗಿ ಬೇಯಿಸಿದ ಆಹಾರವನ್ನು ಬಂದಿಗೆ ನೀಡಬೇಕೆಂದೂ, ಶಿಕ್ಷೆಯ ರೂಪದಲ್ಲಿ ಅನ್ನನೀರನ್ನು ಕಡಿತಗೊಳಿಸಬಾರದೆಂದೂ ವಿಧಿಸಿವೆ.

1908ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸೆರೆಮನೆಯಲ್ಲಿದ್ದಾಗ ಭಾರತೀಯ ಬಂದಿಗಳಿಗೆ ಮೆಕ್ಕೆಜೋಳದ ಹಿಟ್ಟಿನ ಸಪ್ಪೆ ಗಂಜಿ ದೊರೆಯುತ್ತಿತ್ತು. ಸಾಂಬಾರ ಪದಾರ್ಥ ಬೇಡಿದರೆ, ಸೆರೆಯ ಊಟದಲ್ಲಿ ರುಚಿಯ ಪ್ರಶ್ನೆಯೇ ಇಲ್ಲವೆಂದು ವೈದ್ಯಾಧಿಕಾರಿ ನಿರಾಕರಿಸಿದನು. ಕೊನೆಗೆ ಮಧ್ಯಾಹ್ನದ ಅಡುಗೆಯನ್ನು ತಾವೇ ಮಾಡಿಕೊಳ್ಳಲು ಅನುಮತಿ ದೊರೆಯಿತು. ಸಂಗಡಿಗರು ತಂಬಿ ನಾಯ್ಡು ಅವರನ್ನು ಅಡುಗೆಯವರನ್ನಾಗಿ ಆರಿಸಿದರು. ತರಕಾರಿ ತೂಕದಲ್ಲಿ ಕಡಿಮೆ ಬಂದರೆ ಅವರು ಪೂರ್ಣ ತೂಕವನ್ನು ಕೇಳಿಯೇ ಪಡೆಯುತ್ತಿದ್ದರು. ದಿನಸಿ ಬದಲಾಗದಿದ್ದರೂ ತಮ್ಮ ಕೈಯಡುಗೆಯಿಂದ ತಮ್ಮ ಸ್ಥಿತಿ ಸುಧಾರಿಸಿತೆಂದು ಗಾಂಧೀಜಿ ಮುಂದೆ ಬರೆದರು. ಒಲೆಯ ಮುಂದೆ ನಿಂತವನು ಬರಿಯ ಬಂದಿಯಾಗಿ ಉಳಿಯುವುದಿಲ್ಲ. ಮತ್ತೊಬ್ಬರ ಹಸಿವಿಗೆ ಹೊಣೆಗಾರನಾಗುತ್ತಾನೆ.

ಆದರೆ ಆ ಒಲೆಯ ಮುಂದೆ ನಿಲ್ಲುವ ಹಕ್ಕಿಗೂ ಜಾತಿ ಅಡ್ಡ ಬಂದಿತ್ತು. ಕೆಲವು ರಾಜ್ಯಗಳ ಸೆರೆಮನೆ ನಿಯಮಗಳು ತಕ್ಕ ಜಾತಿಯ ಬಂದಿಗಳೇ ಅಡುಗೆ ಮಾಡಬೇಕೆಂದೂ, ಕೆಲವು ಜಾತಿಗಳವರೇ ಕಸ ಗುಡಿಸಬೇಕೆಂದೂ ಹೇಳುತ್ತಿದ್ದವು. ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು ಇಂಥ ನಿಯಮಗಳನ್ನು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಸ್ವಾತಂತ್ರ್ಯ ಬಂದು 77 ವರ್ಷ ಕಳೆದ ಮೇಲೆ ಈ ಮಾತನ್ನು ನ್ಯಾಯಪೀಠವು ಹೇಳಬೇಕಾಯಿತೆಂಬುದು ಶರಣರ ನಾಡಿನವರು ತಲೆತಗ್ಗಿಸಬೇಕಾದ ಸಂಗತಿ.

ಶರಣರಾದರೋ ಇದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅರಿತಿದ್ದರು. ಮಾದಾರ ಚೆನ್ನಯ್ಯನವರ ಅಂಬಲಿಯನ್ನು ಶಿವನೇ ಸವಿದನೆಂಬ ಕಥೆ ಮನೆಮಾತಾಗಿದೆ. ಆಯ್ದಕ್ಕಿ ಮಾರಯ್ಯನವರು ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರು. ಮಿತವಾದ ಅಕ್ಕಿಯಲ್ಲಿಯೇ ದಾಸೋಹವನ್ನು ನಡೆಸಿದರು. ಉರಿಲಿಂಗಪೆದ್ದಿಗಳು ಮೊದಲು ಕಳ್ಳತನದಿಂದ ಬದುಕಿದ್ದವರೆಂದು ಪರಂಪರೆ ಹೇಳುತ್ತದೆ. ಗುರುವು ಅವರ ಹಿಂದಿನ ಬಾಳನ್ನು ಕಂಡು ಬಾಗಿಲು ಮುಚ್ಚಲಿಲ್ಲ. ಮುಂದೆ ಅವರೇ ಗುರುಪೀಠವನ್ನು ಬೆಳಗಿದರು.

ಈ ಕಥೆಗಳನ್ನು ಭಕ್ತಿಯಿಂದ ಕೇಳುವವರ ಮುಂದೆ ಒಂದು ಪ್ರಶ್ನೆಯಿದೆ. ಸೆರೆಮನೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದವನೊಬ್ಬ ಬಿಡುಗಡೆಯಾಗಿ ಊರಿಗೆ ಬರುತ್ತಾನೆ. ನೂರು ಜನರಿಗೆ ಅಳತೆ ತಪ್ಪದೆ ಬೇಯಿಸುವ ಹದ ಅವನ ಕೈಯಲ್ಲಿದೆ. ಮದುವೆಯ ಮನೆಗೂ ಜಾತ್ರೆಯ ಅಡುಗೆಗೂ ಜನ ಬೇಕು. ಆದರೂ ಅವನನ್ನು ಕರೆಯಲು ಊರು ಹಿಂಜರಿಯುತ್ತದೆ. ನ್ಯಾಯಾಲಯ ವಿಧಿಸಿದ ಶಿಕ್ಷೆ ಮುಗಿದರೂ ಪಂಕ್ತಿ ವಿಧಿಸಿದ ಶಿಕ್ಷೆ ಮುಗಿಯುವುದಿಲ್ಲ. ಕಾಯಕವೇ ಕೈಲಾಸವೆಂದು ನಂಬಿದವರು ಕಾಯಕವನ್ನು ಕಲಿತು ಬಂದವನಿಗೆ ಒಲೆಯನ್ನು ನಿರಾಕರಿಸುವುದು ಹೇಗೆ?

ಕಾರಾಗೃಹದ ಊಟವನ್ನು ಸುಧಾರಿಸುವುದು ಸರ್ಕಾರದ ಹೊಣೆ. ಅಲ್ಲಿಂದ ಬಂದ ಕೈಗೆ ಸೌಟು ಕೊಡುವುದು ಭಕ್ತರ ಹೊಣೆ. ಮುಂದಿನ ದಾಸೋಹದಲ್ಲಿ ಅಂಥ ಒಬ್ಬನನ್ನು ಒಲೆಯ ಬಳಿಗೆ ಕರೆದು, ಅವನು ಬಡಿಸಿದುದನ್ನು ಎಲ್ಲರೊಡನೆ ಕುಳಿತು ಉಂಡರೆ ಅದು ನಿಜವಾದ ಪ್ರಸಾದವಾದೀತು.