ಗೃಹಸ್ಥರ ವಿಜ್ಞಾನ: ಓಗೊಡುವ ಮೋಟಾರು

ಹಾವೇರಿಯ ಸೀಮೆಯ ರೈತನು ಎಂಥ ನೆರೆದ ಸಂತೆಯಲ್ಲಿ ಎತ್ತುಗಳನ್ನು ಕಟ್ಟಿ ಹೋಗಿದ್ದರೂ ಮರಳಿ ಹುಡುಕಿಕೊಳ್ಳಬಲ್ಲನು. ಅವನ ಕಣ್ಣಿಗೆ ಅವು ಬೀಳುವ ಮೊದಲೇ ಅವನ ದನಿಯು ಅವುಗಳ ಕಿವಿಗೆ ಬಿದ್ದು, ಕೊರಳ ಗಂಟೆಗಳು ಅಲ್ಲಾಡುವವು. ಮೋಟಾರಿಗೆ ಈ ಗುಣವಿಲ್ಲ. ಒಂದು ಬಿಳಿಯ ಮೋಟಾರಿನಂತೆಯೇ ಇನ್ನೊಂದು; ಯಜಮಾನನು ಹತ್ತು ಸಾರೆ ಪಕ್ಕದಲ್ಲಿ ಹಾದು ಹೋದರೂ ಅದು ಬಾಯಿ ಬಿಡುವದಿಲ್ಲ. ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಾರಿ, ರಾಯಚೂರುಗಳ ಕಡೆಯಿಂದಲೂ ಆಂಧ್ರದಿಂದಲೂ ಬಂದ ಲಾರಿಗಳು ಸಾಲುಗಟ್ಟಿ ನಿಂತು, ಒಂದೊಂದು ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಚೀಲಗಳು ಇಳಿಯುವ ಆ ಗದ್ದಲದಲ್ಲಿ, ಘಾಟಿಗೆ ಕಣ್ಣೀರು ಸುರಿಸುತ್ತ ಗಾಡಿ ಹುಡುಕುವದೆಂದರೆ ಸಣ್ಣ ಪ್ರಯಾಸವಲ್ಲ. ೨೦೨೩ರ ಜನವರಿ ೬ರಿಂದ ೮ರ ವರೆಗೆ ಹಾವೇರಿಯಲ್ಲಿ ಕೂಡಿದ ೮೬ನೆಯ ಸಾಹಿತ್ಯ ಸಮ್ಮೇಳನದಂಥ ನೆರವಿಗಳಿಗೆ ಹೋಗುವವರಿಗೂ ಇದೇ ಚಿಂತೆ.

ಮೋಟಾರಿಗೂ ಓಗೊಡುವದನ್ನು ಕಲಿಸಿದ ಮೊದಲನೆಯ ಸಾಧನವು ನಮ್ಮೆಲ್ಲರ ಕಿಸೆಯಲ್ಲಿರುವ ಗುಂಡಿಯ ಕೀಲಿಕೈಯೇ. ಗುಂಡಿಯನ್ನೊತ್ತಿದರೆ ಸೆಕೆಂಡಿಗೆ ಸುಮಾರು ೪೩ ಕೋಟಿ ಸಾರೆ ಸ್ಪಂದಿಸುವ ನಿಸ್ತಂತು ಅಲೆಯೊಂದು ಹೊರಡುವದು. ಗಾಡಿಯು ಅದನ್ನು ಕೇಳಿ ದೀಪ ಮಿಣುಕಿಸುವದು, ಕೆಲವು ಗಾಡಿಗಳು ಕೂಗುವವು ಕೂಡ. ಈ ಅಲೆಯ ಬಲವು ಹತ್ತಾರು ಮಾರಿನಷ್ಟೇ. ನಡುವೆ ಲಾರಿಗಳ ಕಬ್ಬಿಣದ ಮೈ ಅಡ್ಡ ಬಂದರೆ ಇನ್ನೂ ಕಡಿಮೆ. ಕೀಲಿಕೈಯನ್ನು ತಲೆಯ ಎತ್ತರಕ್ಕೆ ಹಿಡಿದು ಒತ್ತಿದರೆ ಅಲೆಯು ಹೆಚ್ಚು ದೂರ ಮುಟ್ಟುವದು. ಗದ್ದಕ್ಕೆ ಹಚ್ಚಿ ಒತ್ತಿದರೆ ಮತ್ತಷ್ಟು ದೂರ ಹೋಗುವದೆಂದು ಹೇಳುವರು. ಇದು ಬರಿಯ ಗೊಡ್ಡು ನಂಬಿಕೆಯಲ್ಲ, ತಲೆಯೊಳಗಿನ ನೀರಿನಂಶವು ಆ ಅಲೆಯನ್ನು ಬೀರಲು ನೆರವಾಗುವದು. ನೋಡುವವರಿಗೆ ಮಾತ್ರ ಇದು ವಿಚಿತ್ರವಾಗಿ ಕಾಣುವದು, ಅದಕ್ಕೆ ಉಪಾಯವಿಲ್ಲ.

ಎರಡನೆಯ ಸಾಧನವು ಇದಕ್ಕಿಂತ ಜಾಣತನದ್ದು. ಈಗಿನ ಮೋಟಾರುಗಳಲ್ಲಿ ಕೈಫೋನು ಬ್ಲೂಟೂತ್ ಎಂಬ ನಿಸ್ತಂತು ಕಟ್ಟಿನಿಂದ ಗಾಡಿಯೊಡನೆ ಸೇರಿಕೊಂಡಿರುವದು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನ ಅಡ್ಡಹೆಸರನ್ನು ಇದಕ್ಕೆ ಯಾಕೆ ಇಟ್ಟರೆಂಬುದು ಬೇರೆ ಕಥೆ. ಗಾಡಿಯನ್ನು ನಿಲ್ಲಿಸಿ ನಾವು ಇಳಿದು ನಡೆದೊಡನೆ ಆ ಕಟ್ಟು ಹರಿಯುವದು. ಹರಿದ ಗಳಿಗೆಯಲ್ಲಿ ತಾನೆಲ್ಲಿದ್ದೆನೆಂಬುದನ್ನು ಫೋನು ನಕಾಶೆಯ ಮೇಲೆ ಗುರುತು ಮಾಡಿಟ್ಟುಕೊಳ್ಳುವದು. ಅಗಲುವಿಕೆಯೇ ಗುರುತಾಗುವ ಈ ಯುಕ್ತಿಯನ್ನು ನಾನು ಬಹಳ ಮೆಚ್ಚುತ್ತೇನೆ. ಸ್ಥಳವನ್ನು ತಿಳಿಯುವದು ಆಕಾಶದ ಉಪಗ್ರಹಗಳಿಂದ. ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಮೇರಿಕದ ಉಪಗ್ರಹಗಳಲ್ಲಿ ನಾಲ್ಕರ ದನಿ ಕೇಳಿದರೆ ಸಾಕು, ನಮ್ಮ ನೆಲೆ ಸಿಕ್ಕುವದು. ೨೦೦೦ನೆಯ ಇಸವಿಯ ಮೇ ೨ರ ವರೆಗೆ ಆ ಸರಕಾರವು ಅನ್ಯರ ಲೆಕ್ಕ ತಪ್ಪಲೆಂದು ಬೇಕೆಂದೇ ಅಲೆಯನ್ನು ಕೆಡಿಸಿ ಬಿಡುತ್ತಿತ್ತು. ನೂರು ಮೀಟರಿನ ವರೆಗೂ ತಪ್ಪು ಬರುತ್ತಿತ್ತು. ನಮ್ಮ ದೇಶದ್ದೇ ಆದ ನಾವಿಕ್ ಪದ್ಧತಿಯ ಮೊದಲನೆಯ ಉಪಗ್ರಹವು ೨೦೧೩ರ ಜುಲೈ ೧ರಂದು ಹಾರಿತು. ಅದರ ಕಾರ್ಯಕೇಂದ್ರವಿರುವದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ.

ಇಷ್ಟರ ವರೆಗೆ ಅನುಕೂಲದ ಮಾತಾಯಿತು. ಆದರೆ ಎತ್ತು ಯಜಮಾನನ ದನಿಗಷ್ಟೇ ತಲೆಯೆತ್ತುವದು. ಮೋಟಾರು ಯಾರ ಯಾರ ದನಿಗೆ ಓಗೊಡುವದು? ಗಾಡಿ ಎಲ್ಲಿ ನಿಂತಿದೆಯೆಂದು ಬಲ್ಲವನು ಮನೆಯವರು ಎಲ್ಲಿ ಹೋಗಿದ್ದಾರೆಂಬುದನ್ನೂ, ಮನೆಯು ಯಾವಾಗ ಬರಿದಾಗಿದೆಯೆಂಬುದನ್ನೂ ಬಲ್ಲನು. ಆದುದರಿಂದ ಹುಡುಕುವ ಸಾಧನವನ್ನೂ ಕಾಯುವ ಸಾಧನವನ್ನೂ ಬೇರೆ ಬೇರೆಯಾಗಿ ಎಣಿಸುವದು ಸರಿಯಲ್ಲ.

೨೦೦೫ರಲ್ಲಿ ಯುರೋಪಿನ ಕೆಲವು ಸಂಶೋಧಕರು ಒಂದು ಪ್ರಯೋಗವನ್ನು ತೋರಿಸಿದರು. ಆಗಿನ ಮೋಟಾರುಗಳ ಮಾತಿನ ಯಂತ್ರಗಳಿಗೆ ತಯಾರಕರು ೦೦೦೦, ೧೨೩೪ ಎಂಬಂಥ ಒಂದೇ ಗುಟ್ಟಿನ ಅಂಕಿಯನ್ನು ಇಟ್ಟು ಮಾರುತ್ತಿದ್ದರು. ಊರಿನ ಮನೆಗಳಿಗೆಲ್ಲ ಒಂದೇ ಕೀಲಿಕೈ ಮಾಡಿಸಿದಂತಾಯಿತು. ಸಂಶೋಧಕರು ರಸ್ತೆಯ ಬದಿಯಲ್ಲಿ ನಿಂತು ಹಾಯುವ ಮೋಟಾರಿನೊಳಗಿನ ಮಾತನ್ನು ಕೇಳಿದರು. ಒಳಗಿದ್ದವರಿಗೆ ತಮ್ಮ ದನಿಯನ್ನೂ ಕೇಳಿಸಿದರು. ಮೋಟಾರಿನಲ್ಲಿ ಆಡುವ ಮಾತು ಎಂಥದೆಂಬುದನ್ನು ವಾಚಕರು ಬಲ್ಲರು: ಸಾಲದ ಮಾತು, ಹೆಣ್ಣು ನೋಡಿ ಬಂದ ಮಾತು, ಇಂದಿನ ಟೆಂಡರಿಗೆ ಯಾವ ದರ ಹಾಕಬೇಕೆಂಬ ಮಾತು.

ಅಲೆಯು ಒಂದೇ ಹಾದಿಯಲ್ಲಿ ಹೋಗದೆ ಕ್ಷಣಕ್ಷಣಕ್ಕೂ ಹಾದಿ ಬದಲಿಸಬೇಕೆಂಬ ಯುಕ್ತಿ ಹಳೆಯದು. ಹೆಡಿ ಲಾಮಾರ್ ಎಂಬ ಚಿತ್ರನಟಿಯೂ ಜಾರ್ಜ್ ಆಂಟೈಲ್ ಎಂಬ ಸಂಗೀತಗಾರನೂ ಕೂಡಿ, ನೀರೊಳಗಿನ ಅಸ್ತ್ರವನ್ನು ನಡೆಸುವದಕ್ಕಾಗಿ ಇಂಥದೊಂದು ಶೋಧ ಮಾಡಿ, ೧೯೪೨ರ ಆಗಸ್ಟ್ ೧೧ರಂದು ಅಮೇರಿಕದಲ್ಲಿ ಹಕ್ಕುಪತ್ರ ಪಡೆದರು. ಅದರಲ್ಲಿ ಪಿಯಾನೊ ವಾದ್ಯದ ಮನೆಗಳಷ್ಟೇ, ಅಂದರೆ ೮೮ ಹಾದಿಗಳು. ಬ್ಲೂಟೂತಿನ ಮೂಲಪದ್ಧತಿಯು ೭೯ ಹಾದಿಗಳಲ್ಲಿ ಸೆಕೆಂಡಿಗೆ ೧೬೦೦ ಸಾರೆ ಜಿಗಿಯುವದು. ಆದರೂ ಜಿಗಿತವು ಗದ್ದಲವನ್ನು ತಪ್ಪಿಸುವದೇ ಹೊರತು ಗುಟ್ಟನ್ನು ಕಾಯಲಾರದು. ಗುಟ್ಟು ಕಾಯುವದು ೨೦೦೭ರಲ್ಲಿ ಬಂದ ಹೊಸ ಜೋಡಣೆಯ ಕ್ರಮ. ಇದರಲ್ಲಿ ಗಾಡಿಯೂ ಫೋನೂ ತಮ್ಮ ತಮ್ಮಲ್ಲೇ ಲೆಕ್ಕ ಮಾಡಿ ಒಂದೇ ಗುಟ್ಟಿಗೆ ಬಂದು ಮುಟ್ಟುವವು. ಆ ಗುಟ್ಟು ಗಾಳಿಯಲ್ಲಿ ಹಾಯುವದೇ ಇಲ್ಲ. ಕೊನೆಗೆ ಎರಡರ ಮೇಲೂ ಆರು ಅಂಕಿಗಳು ಮೂಡಿ, ಇವು ಒಂದೇ ಇವೆಯೋ ಎಂದು ಕೇಳುವವು. ಓದದೆ “ಹೌದು” ಎಂದು ಒತ್ತುವವರೇ ನಮ್ಮಲ್ಲಿ ಹೆಚ್ಚು. ನಡುವೆ ಮೂರನೆಯವನು ನಿಂತಿದ್ದರೆ ಅಂಕಿಗಳು ಬೇರೆ ಬೇರೆ ಕಾಣುವವು. ಅವನನ್ನು ಹಿಡಿಯುವ ಸಮಯ ಅದೊಂದೇ.

ಗುಂಡಿಯನ್ನೂ ಒತ್ತಬೇಕಾಗಿಲ್ಲದ ಕೀಲಿಕೈ ಈಗ ಬಂದಿದೆ. ಕಿಸೆಯಲ್ಲಿ ಇಟ್ಟುಕೊಂಡು ಹತ್ತಿರ ಹೋದರೆ ಬಾಗಿಲು ತಾನೇ ಸಡಿಲುವದು. ರಾಣೇಬೆನ್ನೂರಿನ ಹೆದ್ದಾರಿಯ ಬದಿಗೆ ಗಾಡಿ ನಿಲ್ಲಿಸಿ, ಖಾನಾವಳಿಯಲ್ಲಿ ರೊಟ್ಟಿಯ ಮುಂದೆ ಕುಳಿತಿದ್ದೀರೆಂದು ಎಣಿಸಿರಿ. ಒಬ್ಬನು ಚೀಲವೊಂದನ್ನು ಹಿಡಿದು ನಿಮ್ಮ ಬೆನ್ನ ಹಿಂದೆ ನಿಲ್ಲುವನು. ಅವನ ಜೊತೆಗಾರನು ಗಾಡಿಯ ಹತ್ತಿರ ಇರುವನು. ಇಬ್ಬರ ಯಂತ್ರಗಳೂ ಅಲೆಯನ್ನು ಕೈಯಿಂದ ಕೈಗೆ ದಾಟಿಸಿದರೆ, ಯಜಮಾನನು ಪಕ್ಕದಲ್ಲೇ ಇದ್ದಾನೆಂದು ಗಾಡಿಯು ನಂಬುವದು. ೨೦೧೧ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವಿದ್ವಾಂಸರು ಎಂಟು ತಯಾರಕರ ಹತ್ತು ಬಗೆಯ ಮೋಟಾರುಗಳ ಮೇಲೆ ಇದನ್ನು ಪರೀಕ್ಷಿಸಿದರು, ಹತ್ತೂ ಮೋಸಹೋದವು. ಇಲ್ಲಿ ಗುಪ್ತಲಿಪಿಯನ್ನು ಯಾರೂ ಮುರಿದಿಲ್ಲ, ದೂರವನ್ನು ಮರೆಮಾಚಿದರು ಅಷ್ಟೇ. ಅದಕ್ಕೋಸ್ಕರ ಹೊಸ ಮೋಟಾರುಗಳಲ್ಲಿ ಕೆಲವು, ಅಲೆಯು ಹೋಗಿ ಬರುವ ಕಾಲವನ್ನೇ ಅಳೆಯುವವು. ಅಲೆಯು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಒಂದಡಿಯಷ್ಟೇ ಸಾಗಬಲ್ಲದು. ಆ ಲೆಕ್ಕವನ್ನು ಯಾವ ಕಳ್ಳನೂ ಕಡಿಮೆ ಮಾಡಲಾರನು.

ಕಳ್ಳರನ್ನು ಬಿಟ್ಟು ಸಂಭಾವಿತರ ವ್ಯವಹಾರಕ್ಕೆ ಬರುವಾ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಮೊದಲನೆಯ ಮೋಟಾರು ಇನ್ನೊಬ್ಬರು ಬಳಸಿ ಮಾರಿದ್ದು. ಚಾರ್ಲ್ಸ್ ಹೆಂಡರ್ಸನ್ ಎಂಬ ಅಮೇರಿಕದ ರಕ್ಷಣಾತಜ್ಞರು ತಮ್ಮ ಮೋಟಾರನ್ನು ಮಾರಿ ವರ್ಷಗಳಾದ ಮೇಲೂ, ಅದು ಎಲ್ಲಿದೆಯೆಂಬುದು ತಮ್ಮ ಫೋನಿನಲ್ಲಿ ಕಾಣುತ್ತಿದೆಯೆಂದೂ, ಬೇಕಾದರೆ ಅದರ ಬಾಗಿಲನ್ನೂ ತೆರೆಯಬಹುದೆಂದೂ ೨೦೧೭ರಲ್ಲಿ ಬಹಿರಂಗವಾಗಿ ಹೇಳಿದರು. ಮಾರುವವರು ತಮ್ಮ ಫೋನಿನ ಜೋಡಣೆಯನ್ನೂ ಗಾಡಿಯಲ್ಲಿ ಉಳಿದ ಬಂಧುಬಳಗದ ನಂಬರುಗಳನ್ನೂ ಅಳಿಸಬೇಕು. ಕೊಳ್ಳುವವರು ಗಾಡಿಯನ್ನು ಮೊದಲಿನ ಸ್ಥಿತಿಗೆ ತರಿಸಿ, ಹಿಂದಿನ ಯಜಮಾನನ ಹೆಸರು ತಯಾರಕರ ಖಾತೆಯಿಂದ ಹೋಯಿತೋ ಇಲ್ಲವೋ ಎಂದು ಕೇಳಿಕೊಳ್ಳಬೇಕು. ಕಾಗದಪತ್ರ ವರ್ಗವಾದರೆ ಕೆಲಸ ಮುಗಿಯಿತೆಂಬ ಕಾಲವು ಹೋಯಿತು.

ಗಾಡಿಯಲ್ಲಿ ಬಚ್ಚಿಡುವ ಸಣ್ಣ ಬಿಲ್ಲೆಯ ವಿಷಯವಾಗಿ ಹೆಣ್ಣುಮಕ್ಕಳಿರುವ ಮನೆಯವರು ವಿಶೇಷವಾಗಿ ಲಕ್ಷ್ಯ ಕೊಡುವದು ಒಳ್ಳೆಯದು. ಆಪಲ್ ಕಂಪನಿಯು ೨೦೨೧ರಲ್ಲಿ ತಂದ ಏರ್‌ಟ್ಯಾಗ್ ಈ ಜಾತಿಯದು. ದಾರಿಹೋಕರ ಫೋನುಗಳೇ ಅದರ ದನಿಯನ್ನು ಕೇಳಿ ಯಜಮಾನನಿಗೆ ಸುದ್ದಿ ಮುಟ್ಟಿಸುವವು. ಕಳೆದ ವಸ್ತುವಿಗೆ ಇದು ವರವೇ. ಆದರೆ ಕಾಲೇಜಿಗೆ ಹೋಗುವ ಹುಡುಗಿಯ ಸ್ಕೂಟರಿನ ಆಸನದ ಕೆಳಗೆ ದುಷ್ಟನೊಬ್ಬನು ಇದನ್ನು ಸಿಕ್ಕಿಸಿದರೆ? ೨೦೨೪ರ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಕಂಪನಿಗಳು ಕೂಡಿ, ಗುರುತಿಲ್ಲದ ಬಿಲ್ಲೆಯು ಜೊತೆಯಲ್ಲೇ ಸಾಗುತ್ತಿದ್ದರೆ ಫೋನು ತಾನಾಗಿ ಎಚ್ಚರಿಸುವ ಏರ್ಪಾಟನ್ನು ಎರಡೂ ಜಾತಿಯ ಫೋನುಗಳಿಗೆ ತಂದವು. ಆ ಎಚ್ಚರಿಕೆ ಬಂದರೆ ಅದನ್ನು ಜಾಹೀರಾತೆಂದು ಸರಿಸಿಬಿಡಬಾರದು. ಬಿಲ್ಲೆಯನ್ನು ಹುಡುಕಿ, ಪೋಲೀಸರಿಗೆ ತೋರಿಸಬೇಕು. ಬಿಲ್ಲೆಯ ನಂಬರಿನಿಂದ ಅದರ ಒಡೆಯನನ್ನು ಪತ್ತೆ ಹಚ್ಚುವ ಹಾದಿ ಅವರಿಗುಂಟು.

ಇನ್ನು ಗುಂಡಿಯೊತ್ತದ ಕೀಲಿಕೈ ಉಳ್ಳವರಿಗೆ ಅಡಿಗೆಮನೆಯ ಉಪಾಯವೊಂದಿದೆ. ರಾತ್ರಿ ಅದನ್ನು ಬಾಗಿಲ ಬಳಿಯ ಮೊಳೆಗೆ ತೂಗಹಾಕದೆ, ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿಡುವದು. ಲೋಹವು ಅಲೆಯನ್ನು ತಡೆಯುವದು. ಎಲ್ಲ ಡಬ್ಬಿಗಳೂ ಒಂದೇ ಸಮ ಕೆಲಸ ಕೊಡುವದಿಲ್ಲ. ಕೀಲಿಕೈಯನ್ನು ಒಳಗಿಟ್ಟು ಮುಚ್ಚಿ, ಡಬ್ಬಿಯನ್ನು ಗಾಡಿಯ ಹತ್ತಿರ ಒಯ್ದು ಬಾಗಿಲನ್ನು ಎಳೆದು ನೋಡುವದು. ತೆರೆದರೆ ಆ ಡಬ್ಬಿಗೆ ಜೀರಿಗೆ ತುಂಬಿ, ಬೇರೊಂದನ್ನು ತೆಗೆದುಕೊಳ್ಳುವದು.