ಧೈರ್ಯವಾಗಿರು ಅಂತ ಇನ್ನೊಮ್ಮೆ ಹೇಳಬೇಡಿ

ಬರುವ ಸೋಮವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಮೊದಲ ಕೀಮೋ. ವಿಷಯ ಗೊತ್ತಾದವರೆಲ್ಲ ವಾಟ್ಸಾಪ್‌ನಲ್ಲಿ ಏನೇನು ಕಳಿಸಿದ್ದಾರೆ ಅಂತ ಮೊನ್ನೆ ರಾತ್ರಿ ನಿದ್ದೆ ಬಾರದೆ ಕೂತು ಎಣಿಸಿದೆ. ‘ಧೈರ್ಯವಾಗಿರು’ 23 ಸಲ. ‘ಸ್ಟೇ ಸ್ಟ್ರಾಂಗ್’ 14 ಸಲ. ‘ಪಾಸಿಟಿವ್ ಆಗಿ ಯೋಚನೆ ಮಾಡು, ಅರ್ಧ ಕಾಯಿಲೆ ಅಲ್ಲೇ ವಾಸಿ’ 9 ಸಲ. ತೋಳು ಮಡಚಿ ಶಕ್ತಿ ತೋರಿಸುವ ಹಳದಿ ಇಮೋಜಿಗಳನ್ನು ಎಣಿಸೋದು ಅರ್ಧಕ್ಕೇ ಬಿಟ್ಟೆ. ‘ನಿಂಗೆ ಯಾವುದಕ್ಕೆ ಭಯ ಆಗ್ತಿದೆ?’ ಅಂತ ಕೇಳಿದವರು ಎಷ್ಟು ಜನ ಗೊತ್ತಾ? ಒಬ್ಬರೂ ಇಲ್ಲ.

ಇವರೆಲ್ಲ ನನ್ನವರೇ, ಪ್ರೀತಿಯಿಂದಲೇ ಬರೆದವರು. ಆದರೂ ಇವತ್ತು ಇವರ ಜೊತೆ ಜಗಳಕ್ಕೆ ನಿಂತಿದ್ದೇನೆ. ಯಾಕಂದ್ರೆ ಈ ‘ಧೈರ್ಯ’ ಅನ್ನೋದು ಹೋದ ವಾರ ನನ್ನ ಚಿಕಿತ್ಸೆಗೇ ಅಡ್ಡ ನಿಂತಿತ್ತು.

ಮೊದಲಿಂದ ಹೇಳ್ತೀನಿ. ನನಗೀಗ 44. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಟೀಮ್ ನೋಡಿಕೊಳ್ಳುತ್ತೇನೆ. ಒಂದು ವರ್ಷದಿಂದ ಮುಟ್ಟು ಲೆಕ್ಕ ತಪ್ಪಿತ್ತು, ತಿಂಗಳ ನಡುವೆಯೂ ರಕ್ತ ಹೋಗುತ್ತಿತ್ತು. ಸ್ಟ್ರೆಸ್ಸು, ಪಿಸಿಓಡಿ, ಮೆನೋಪಾಸ್ ಹತ್ತಿರ ಬಂತು ಅಂತ ನನಗೆ ನಾನೇ ಡಾಕ್ಟರ್ ಆಗಿದ್ದೆ. ಪ್ಯಾಪ್ ಸ್ಮಿಯರ್ ನಾರ್ಮಲ್ ಬಂದಿತ್ತಲ್ಲ ಅನ್ನೋ ನೆಮ್ಮದಿ ಬೇರೆ. ಪ್ಯಾಪ್ ಸ್ಮಿಯರ್ ನೋಡುವುದು ಗರ್ಭಕಂಠವನ್ನು, ಅಂದರೆ ಗರ್ಭಕೋಶದ ಬಾಯಿಯನ್ನು. ನನ್ನ ಕ್ಯಾನ್ಸರ್ ಇದ್ದದ್ದು ಗರ್ಭಕೋಶದ ಒಳಪದರದಲ್ಲಿ. ಎರಡೂ ಬೇರೆ ಬೇರೆ ಕಾಯಿಲೆ. ಈ ವ್ಯತ್ಯಾಸ ಇಂಜಿನಿಯರಿಂಗ್ ಓದಿದ ನನಗೂ ಗೊತ್ತಿರಲಿಲ್ಲ, ಯಾಕಂದ್ರೆ ನಮ್ಮಲ್ಲಿ ಗರ್ಭಕೋಶ ಅನ್ನುವ ಪದವನ್ನೇ ಜನ ದನಿ ತಗ್ಗಿಸಿ ಹೇಳುತ್ತಾರೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಮುಟ್ಟಿನ ನಡುವೆ, ಇಲ್ಲವೇ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡರೆ ದಯವಿಟ್ಟು ಗೂಗಲ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಆಪರೇಷನ್ ಆಯಿತು. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ‘ಹೋದ್ರೆ ಹೋಯ್ತು ಬಿಡೇ, ಹೇಗೂ ಒಬ್ಬಳು ಮಗಳಿದ್ದಾಳಲ್ಲ’ ಅಂದರು ದೊಡ್ಡಮ್ಮ. ಲಿಂಫ್ ನೋಡ್ ಒಂದಕ್ಕೂ ಕಾಯಿಲೆ ತಲುಪಿದೆ ಅಂತ ರಿಪೋರ್ಟ್ ಬಂತು. ಹಾಗಾಗಿ ಕೀಮೋ. ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್, 21 ದಿನಕ್ಕೊಮ್ಮೆ, ಒಟ್ಟು 6 ಸಲ.

ಅವತ್ತಿಂದ ಮನೆಯಲ್ಲಿ ನನ್ನ ಧೈರ್ಯದ ನಾಟಕ ಶುರುವಾಯ್ತು. ಗಂಡನ ಮುಂದೆ ಜೋಕು. ಮಗಳ ಮುಂದೆ ವಿಗ್ ಶಾಪಿಂಗ್. ಆಫೀಸಿನ ಕಾಲ್‌ನಲ್ಲಿ ‘ಐ ವಿಲ್ ಬಿ ಬ್ಯಾಕ್’. ಎಲ್ಲರೂ ಭಲೇ ಅಂದರು. ಒಮ್ಮೆ ಭಲೇ ಅನ್ನಿಸಿಕೊಂಡ ಮೇಲೆ ‘ನಂಗೆ ಹೆದರಿಕೆ ಆಗ್ತಿದೆ’ ಅಂತ ಬಾಯಿ ಬಿಡೋದು ಹೇಗೆ? ಹಗಲೆಲ್ಲ ನಗು, ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅಳು.

ನಿಜ ಹೇಳಬೇಕೆಂದರೆ ನನ್ನ ಮೊದಲ ಕೀಮೋ ಈ ಸೋಮವಾರವಲ್ಲ, ಹೋದ ಸೋಮವಾರ ಆಗಬೇಕಿತ್ತು. ಅದನ್ನು ಸುಮ್ಮಸುಮ್ಮನೆ ಮುಂದೂಡಬಾರದು ಅಂತ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು. ಆದರೆ ಹಿಂದಿನ ಸಂಜೆ ನಾನು ಆಸ್ಪತ್ರೆಗೆ ಫೋನ್ ಮಾಡಿ ‘ಜ್ವರ ಬಂದಿದೆ’ ಅಂತ ಸುಳ್ಳು ಹೇಳಿದೆ. ಮನೆಯವರಿಗೆ ‘ಡೇಟ್ ಅವರೇ ಮುಂದಕ್ಕೆ ಹಾಕಿದ್ರು’ ಅಂದೆ. ಅಷ್ಟೊಂದು ಜನರ ಧೈರ್ಯದ ಹಾರೈಕೆ ಫೋನಿನಲ್ಲಿ ತುಂಬಿಟ್ಟುಕೊಂಡವಳು ಮಾಡಿದ್ದು ಇದು.

ಮರುದಿನ ಡೇ ಕೇರ್ ವಾರ್ಡಿನ ಸಿಸ್ಟರ್ ವಾಪಸ್ ಫೋನ್ ಮಾಡಿದರು.

‘ಜ್ವರ ಎಷ್ಟಿದೆ ಮೇಡಂ? ಚಳಿ ಇದೆಯಾ?’

ಎಷ್ಟು ಅಂತ ಹೇಳಲಿ? ಮನೆಯಲ್ಲಿ ಥರ್ಮಾಮೀಟರೂ ಇರಲಿಲ್ಲ. ‘ಜ್ವರ ಇಲ್ಲ ಸಿಸ್ಟರ್. ಭಯ’ ಅಂದೆ.

ಅವರು ನಗಲಿಲ್ಲ, ಬೈಯಲಿಲ್ಲ. ‘ಎಲ್ರಿಗೂ ಆಗುತ್ತೆ ಮೇಡಂ. ನಾಳೆ ಹನ್ನೊಂದಕ್ಕೆ ಬನ್ನಿ. ಏನೇನಕ್ಕೆ ಭಯ ಅಂತ ಒಂದೊಂದಾಗಿ ಬರ್ಕೊಂಡು ಬನ್ನಿ’ ಅಂದರು.

ಬರೆದೆ. ರಾತ್ರಿ ಇಡೀ ಮನೆ ತುಂಬುವಷ್ಟಿದ್ದ ಭಯ ಕಾಗದದ ಮೇಲೆ ಏಳು ಸಾಲಾಯಿತು. ಸಿಸ್ಟರ್ ಒಂದೊಂದಕ್ಕೂ ಉತ್ತರ ಕೊಟ್ಟರು.

ವಾಂತಿ? ಡ್ರಿಪ್ ಹಾಕುವ ಮೊದಲೇ ಅದಕ್ಕೆ ಔಷಧಿ ಕೊಡುತ್ತಾರೆ, ಮನೆಗೂ ಮಾತ್ರೆ ಕಳಿಸುತ್ತಾರೆ. ಸಿನಿಮಾದಲ್ಲಿ ನೋಡಿದ ಕೀಮೋ ಹಳೆಯ ಕಾಲದ್ದು. ಆಂಡಾನ್ಸೆಟ್ರಾನ್‌ನಂಥ ಔಷಧಿಗಳು 1990ರ ದಶಕದಲ್ಲಿ ಬಂದ ಮೇಲೆ ಚಿತ್ರ ಬದಲಾಗಿದೆ. ಸಂಕಟ ಆಗೋದೇ ಇಲ್ಲ ಅಂತಲ್ಲ, ಆದರೆ ತಡ್ಕೊಂಡು ಕೂರಬೇಕಿಲ್ಲ, ಮಾತ್ರೆ ಬದಲಾಯಿಸಬಹುದು.

ಡ್ರಿಪ್ ಹಾಕಿದಾಗಲೇ ಏನಾದ್ರೂ ಆದ್ರೆ? ಪ್ಯಾಕ್ಲಿಟ್ಯಾಕ್ಸೆಲ್ ಕೆಲವರಿಗೆ ಅಲರ್ಜಿ ಮಾಡುತ್ತೆ. ಅದಕ್ಕೇ ಮೊದಲು ಸ್ಟಿರಾಯ್ಡ್ ಮತ್ತು ಅಲರ್ಜಿ ತಡೆಯುವ ಔಷಧಿ. ಶುರುವಿನ ನಿಮಿಷಗಳಲ್ಲಿ ಸಿಸ್ಟರ್ ಹತ್ತಿರವೇ ಇರುತ್ತಾರೆ. ಎದೆ ಬಿಗಿದರೆ, ಮುಖ ಬಿಸಿಯಾದರೆ ತಕ್ಷಣ ಹೇಳಬೇಕು, ಡ್ರಿಪ್ ನಿಲ್ಲಿಸುತ್ತಾರೆ.

ಕೂದಲು? ಹೋಗುತ್ತೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಉದುರಲು ಶುರು. ಕೀಮೋ ಮುಗಿದ ಮೇಲೆ ಬಹುತೇಕ ಎಲ್ಲರಿಗೂ ಮತ್ತೆ ಬರುತ್ತೆ.

ಬೆರಳು ಜೋಮು ಹಿಡಿಯುತ್ತಂತೆ, ನಾನು ಟೈಪ್ ಮಾಡಿ ಬದುಕುವವಳು? ಆಗಬಹುದು. ಕೆಲವರಿಗೆ ತಿಂಗಳುಗಟ್ಟಲೆ ಉಳಿಯಲೂಬಹುದು. ಶರ್ಟಿನ ಗುಂಡಿ ಹಾಕಲು ಕಷ್ಟವಾದ ದಿನವೇ ಹೇಳಿದರೆ ಡಾಕ್ಟರ್ ಡೋಸ್ ಕಡಿಮೆ ಮಾಡುವ ಯೋಚನೆ ಮಾಡಬಹುದು. ಧೈರ್ಯ ತೋರಿಸಿ ಮುಚ್ಚಿಟ್ಟರೆ ಮಾಡೋಕೆ ಆಗಲ್ಲ.

ಸೋಂಕು? ಬಿಳಿ ರಕ್ತಕಣ ಇಳಿಯುತ್ತದೆ, ಆಗ ಜ್ವರ ಅಂದ್ರೆ ತುರ್ತು. ‘ಥರ್ಮಾಮೀಟರ್ ತಗೊಳ್ಳಿ ಮೇಡಂ. 100.4 ದಾಟಿದ್ರೆ ನಡುರಾತ್ರಿ ಆದ್ರೂ ಫೋನ್ ಮಾಡಿ. ಬೆಳಗಾಗ್ಲಿ ಅಂತ ಕಾಯ್ಬೇಡಿ. ಸುಳ್ಳು ಜ್ವರ ಮಾತ್ರ ಹೇಳ್ಬೇಡಿ’ ಅಂದರು. ಆಗ ಇಬ್ಬರೂ ನಕ್ಕೆವು.

ಆರನೆಯದು ಕೆಲಸ. ಮೂರು ವಾರದಲ್ಲಿ ಯಾವ ದಿನಗಳು ಸುಸ್ತಿನವು ಅಂತ ಮೊದಲ ಸಲ ನೋಡಿ ಆಮೇಲೆ ರಜೆ ಲೆಕ್ಕ ಹಾಕಿ ಅಂದರು.

ಏಳನೆಯದು, ‘ಇಷ್ಟೆಲ್ಲ ಮಾಡಿದ ಮೇಲೂ ಮತ್ತೆ ಬಂದ್ರೆ?’ ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಮೇಡಂ’ ಅಂದರು. ಇಷ್ಟು ದಿನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಮಾಧಾನ ಅದೇ. ಏನೂ ಆಗಲ್ಲ ಅಂತ ಆಣೆ ಇಡದೆ ಪಕ್ಕದಲ್ಲಿ ಕೂತವರು ಅವರೊಬ್ಬರೇ.

ನನ್ನ ತಕರಾರು ಇಷ್ಟೇ. ಏಳರಲ್ಲಿ ಆರು ಭಯಗಳು ನಿಜವಾಗಿ ಪ್ರಶ್ನೆಗಳು. ‘ಧೈರ್ಯವಾಗಿರು’ ಅಂದ ತಕ್ಷಣ ಪ್ರಶ್ನೆಯ ಬಾಯಿ ಮುಚ್ಚುತ್ತದೆ. ಕೇಳದ ಪ್ರಶ್ನೆಗೆ ಉತ್ತರ ಸಿಗೋದಿಲ್ಲ, ಉತ್ತರ ಸಿಗದ ಪ್ರಶ್ನೆ ರಾತ್ರಿ ಎರಡು ಗಂಟೆಗೆ ದೆವ್ವವಾಗುತ್ತದೆ.

ನಮಗೆ ಯಾಕೆ ಕ್ಯಾನ್ಸರ್ ರೋಗಿ ನಗುತ್ತಲೇ ಇರಬೇಕು? 1971ರ ‘ಆನಂದ್’ ಸಿನಿಮಾ ನೆನಪಿಸಿಕೊಳ್ಳಿ. ಸಾಯುತ್ತಿರುವ ರಾಜೇಶ್ ಖನ್ನಾ ಎಲ್ಲರನ್ನೂ ನಗಿಸುತ್ತಾನೆ, ಗಟ್ಟಿಮುಟ್ಟಾಗಿರುವ ಡಾಕ್ಟರ್ ಅಮಿತಾಭ್ ಕೊರಗುತ್ತಾನೆ. ನನಗೂ ಇಷ್ಟದ ಸಿನಿಮಾ. ಆದರೆ ಅದನ್ನು ನಾವು ನಿಯಮ ಮಾಡಿಕೊಂಡುಬಿಟ್ಟಿದ್ದೇವೆ. ರೋಗಿ ನಗಬೇಕು, ಉಳಿದವರಿಗೆ ಕಷ್ಟ ಆಗಬಾರದು.

ಇನ್ನು ‘ಮನಸ್ಸು ಗಟ್ಟಿ ಇದ್ದರೆ ಕ್ಯಾನ್ಸರ್ ಓಡಿಹೋಗುತ್ತೆ’ ಅನ್ನೋರಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋಯ್ನ್ ಮತ್ತು ಸಂಗಡಿಗರು ತಲೆ, ಕುತ್ತಿಗೆ ಕ್ಯಾನ್ಸರಿನ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಮನಸ್ಸಿನ ಸ್ಥಿತಿ ಚೆನ್ನಾಗಿದ್ದವರು ಹೆಚ್ಚು ಕಾಲ ಬದುಕಿದರು ಅನ್ನುವುದು ಅದರಲ್ಲಿ ಕಂಡುಬರಲಿಲ್ಲ. ನನಗೆ ಇದು ಕೆಟ್ಟ ಸುದ್ದಿಯಲ್ಲ, ಬಿಡುಗಡೆ. ನಾನು ಅತ್ತರೆ ಔಷಧಿ ಕೆಲಸ ನಿಲ್ಲಿಸುವುದಿಲ್ಲ. ‘ಹೋರಾಡಿ ಗೆದ್ದಳು’ ಅಂತ ಬರೆಯುವವರು ಒಮ್ಮೆ ಯೋಚಿಸಿ. ಹಾಗಾದರೆ ತೀರಿಕೊಂಡವರು ಸರಿಯಾಗಿ ಹೋರಾಡಲಿಲ್ಲವೇ? ಅವರ ಮನೆಯವರ ಮುಂದೆ ನಿಂತು ಈ ಮಾತು ಹೇಳ್ತೀರಾ?

‘ಕೀಮೋ ಎಲ್ಲ ವಿಷ, ಗಿಡಮೂಲಿಕೆ ತಗೋ’ ಅಂತ ಲಕ್ಷ್ಮಣಫಲದ ಜ್ಯೂಸ್ ಕಳಿಸಲು ಹೊರಟ ಸೋದರತ್ತೆಗೂ ಒಂದು ಮಾತು. ಪ್ಯಾಕ್ಲಿಟ್ಯಾಕ್ಸೆಲ್ ಸಿಕ್ಕಿದ್ದು ಅಮೆರಿಕದ ಯೂ ಎಂಬ ಮರದ ತೊಗಟೆಯಲ್ಲಿ. ಅದನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆ ಪ್ರಕಟಿಸಿದ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಮನ್ಸುಖ್ ವಾಣಿ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಹುಟ್ಟಿದವರು. ಅತ್ತೆ, ನಾನು ಮರದ ಔಷಧಿಯನ್ನೇ ತಗೊಳ್ತಿದ್ದೀನಿ. ಪರೀಕ್ಷೆ ಮಾಡಿ, ಅಳತೆ ಗೊತ್ತುಮಾಡಿರುವ ಔಷಧಿ, ಅಷ್ಟೇ.

‘ಹಾಗಾದ್ರೆ ಹೆದರಿಕೊಂಡೇ ಕೂತಿರಬೇಕಾ?’ ಅಂತ ನೀವು ಕೇಳಬಹುದು. ಇಲ್ಲ. ಊಟ, ನಿದ್ದೆ ಬಿಡಿಸುವಷ್ಟು, ಚಿಕಿತ್ಸೆಯಿಂದ ಓಡಿಹೋಗುವಷ್ಟು ಭಯವಾದರೆ ಅದಕ್ಕೂ ಚಿಕಿತ್ಸೆ ಇದೆ. ಕೌನ್ಸೆಲರ್ ಇದ್ದಾರೆ, ಬೇಕಾದರೆ ಮಾತ್ರೆ ಇದೆ. ಆದರೆ ಅಲ್ಲಿಗೆ ತಲುಪಬೇಕಾದರೆ ಮೊದಲು ಭಯ ಇದೆ ಅಂತ ಹೇಳಲು ಬಿಡಬೇಕಲ್ಲ.

ಆಸ್ಪತ್ರೆಯಿಂದ ಬಂದ ಸಂಜೆ ಗಂಡನಿಗೆ ಸುಳ್ಳು ಜ್ವರದ ವಿಷಯ ಹೇಳಿದೆ. ಅವನು ಅತ್ತ. ತಿಂಗಳಿಂದ ಅವನೂ ನಾಟಕ ಮಾಡುತ್ತಿದ್ದನಂತೆ. ಹಾಸನದಿಂದ ಬಂದಿರುವ ಅಮ್ಮ ತಲೆಗೆ ಎಣ್ಣೆ ಹಚ್ಚುತ್ತಾ, ‘ನಂಗೂ ಭಯ ಆಗ್ತಿದೆ ಕಣೇ’ ಅಂದಳು. ಅವತ್ತು ರಾತ್ರಿ ಐದು ಗಂಟೆ ನಿದ್ದೆ ಮಾಡಿದೆ.

ಹಾಗಾಗಿ ನಿಮ್ಮ ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ನನ್ನಂಥವರು ಇದ್ದರೆ ದಯವಿಟ್ಟು ಆ ಇಮೋಜಿ ಕಳಿಸಬೇಡಿ. ‘ಏನಕ್ಕೆ ಭಯ ಆಗ್ತಿದೆ?’ ಅಂತ ಕೇಳಿ, ಉತ್ತರ ಬರುವವರೆಗೂ ಸುಮ್ಮನಿರಿ. ಅದು ಆಗದಿದ್ದರೆ ‘ಸೋಮವಾರ ನಿಮ್ಮನ್ನು ಯಾರು ಕರ್ಕೊಂಡು ಹೋಗ್ತಾರೆ? ಮಗಳನ್ನ ಸ್ಕೂಲಿಂದ ನಾನು ಕರ್ಕೊಂಡು ಬರ್ಲಾ?’ ಅಂತ ಕೇಳಿ. ಆ ಮಾತಿಗೆ ನಾವು ಉತ್ತರ ಕೊಡಬಹುದು.

ಸೋಮವಾರದ ಬ್ಯಾಗ್ ರೆಡಿ ಇದೆ. ನೀರಿನ ಬಾಟಲಿ, ಶಾಲು, ಹೊಸ ಥರ್ಮಾಮೀಟರ್, ಏಳು ಸಾಲಿನ ಆ ಕಾಗದ. ನಿನ್ನೆ ರಾತ್ರಿ ಎಂಟನೆಯದೂ ಸೇರಿದೆ. ಭಯ ಹೋಗಿಲ್ಲ. ಅದನ್ನೂ ಕರೆದುಕೊಂಡೇ ಹೋಗ್ತೀನಿ. ಸಿಸ್ಟರ್ ಇರ್ತಾರೆ, ಕೇಳ್ತೀನಿ.