ಮಣ್ಣು ಹುಳಿಯೋ, ಸುಣ್ಣವೋ?



ತವರಿನ ಗಿಡ ಬಾಡಿದರೆ ಆಗುವ ಸಂಕಟ ನಿಮಗೇ ಗೊತ್ತು. ಸಾಗರದಿಂದ ಅಮ್ಮ ಕೊಟ್ಟಿದ್ದ ಗಂಧರಾಜದ ಗಿಡವನ್ನು ಗದಗಿನ ನಮ್ಮ ಹಿತ್ತಲಲ್ಲಿ ನೆಟ್ಟಿದ್ದೆ. ಅಮ್ಮ ಈಗಿಲ್ಲ, ಅದಕ್ಕೇ ಆರೈಕೆ ಒಂದು ಕೈ ಹೆಚ್ಚು. ಅಮ್ಮ ತರಕಾರಿ ಪಾತಿಗೆ ಹಾಕುತ್ತಿದ್ದ ಹಾಗೆ ನಾನೂ ಹಂಡೆಯೊಲೆಯ ಬೂದಿಯನ್ನು ವಾರವಾರ ಬುಡಕ್ಕೆ ಹಾಕಿದೆ. ಎಲೆ ಹಳದಿಯಾಯ್ತು, ನರ ಮಾತ್ರ ಹಸಿರು. ಸಾಲದೇನೋ ಅಂತ ಇನ್ನಷ್ಟು ಬೂದಿ ಸುರಿದೆ! ಮೊಗ್ಗೆಲ್ಲ ಉದುರಿಹೋಯ್ತು.

ತಪ್ಪು ಬೂದಿಯದಲ್ಲ, ನನ್ನದು. ಮಲೆನಾಡಿನ ಜಡಿಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದು ಹುಳಿಯಾಗಿಸುತ್ತದೆ. ಅಲ್ಲಿ ಬೂದಿ ಮದ್ದು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳೇ ಇವೆ. ಇಲ್ಲಿ ಬೂದಿ ಬೆಂಕಿಗೆ ತುಪ್ಪ. ಕ್ಷಾರ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ.

ಪರೀಕ್ಷೆ ಸುಲಭ. ಐದಾರು ಕೆಂಪು ದಾಸವಾಳದ ಎಸಳನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ, ಬಣ್ಣ ಬಿಟ್ಟ ಮೇಲೆ ಸೋಸಿ ಆರಿಸಿ. ಗೇಣಿನಷ್ಟು ಆಳದ ಮಣ್ಣು 2 ಚಮಚ ತೆಗೆದು, ಅರ್ಧ ಲೋಟ ಮಳೆನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಡಿ. ಮೇಲಿನ ತಿಳಿಗೆ ದಾಸವಾಳದ ನೀರು ಸೇರಿಸಿ. ಕೆಂಪೇರಿದರೆ ಹುಳಿ, ಹಸಿರಿಗೆ ತಿರುಗಿದರೆ ಕ್ಷಾರ. ಬೋರ್‌ವೆಲ್ ನೀರು ಬೇಡ, ಅದೇ ಬಣ್ಣ ಕೆಡಿಸೀತು. ಒಣಮಣ್ಣಿಗೆ ನಿಂಬೆರಸ ಹಿಂಡಿ ನೋಡಿ. ಬುಸ್ಸೆಂದು ನೊರೆ ಬಂದರೆ ಸುಣ್ಣ ಇದೆ ಅಂತಲೇ ಲೆಕ್ಕ.

ಇದು ಅಂದಾಜು ಅಷ್ಟೇ. ಸರಿಯಾದ ಅಂಕಿ ಬೇಕಾದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. 7 ಸಮ; ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಹೆಚ್ಚಿನ ತರಕಾರಿಗೆ 6ರಿಂದ 7 ಹಿತ.

ಹುಳಿಮಣ್ಣಿಗೆ ಚದರ ಮೀಟರಿಗೆ 100 ಗ್ರಾಂ ಕೃಷಿ ಸುಣ್ಣ ಬೆರೆಸಿ, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸಿ. ಸುಣ್ಣ, ಸಗಣಿ ಗೊಬ್ಬರ ಒಟ್ಟಿಗೆ ಬೇಡ; ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಹಾಕಿ. ಮೊಟ್ಟೆಚಿಪ್ಪು ಬಹಳ ನಿಧಾನ. ಕ್ಷಾರದ ಮಣ್ಣಿಗೆ ಎಲೆಗೊಬ್ಬರ ಕೊಡುತ್ತಾ ಬನ್ನಿ, ಬೂದಿ ನಿಲ್ಲಿಸಿ.

ಸುಣ್ಣದ ಹರಳಿರುವ ನೆಲವನ್ನು ಬದಲಿಸಲು ಹೊರಟರೆ ಆಯುಷ್ಯ ಸಾಲದು. ಹಾಗಾಗಿ ಗಿಡವನ್ನು ಕಿತ್ತು ದೊಡ್ಡ ಕುಂಡಕ್ಕೆ ಹಾಕಿದೆ. ತಮ್ಮ ಬಸ್ಸಿನಲ್ಲಿ ಒಂದು ಚೀಲ ಸಾಗರದ ಕೆಮ್ಮಣ್ಣು ತಂದುಕೊಟ್ಟ. ಅದಕ್ಕೆ ಎಲೆಗೊಬ್ಬರ ಬೆರೆಸಿ, ಕೂಡಿಟ್ಟ ಮಳೆನೀರನ್ನೇ ಹಾಕುತ್ತಿದ್ದೇನೆ.

ಹಳೆಯ ಎಲೆ ಹಸಿರಾಗಲಿಲ್ಲ, ಉದುರಿದವು. ಹೊಸ ಚಿಗುರು ಮಾತ್ರ ಕಡುಹಸಿರು. ಹೋದ ವಾರ ಒಂದು ಮೊಗ್ಗು ಕಂಡಿತು. ನಾನಿನ್ನೂ ಮುಟ್ಟಿಲ್ಲ.